ಒಂದೇ ಕೆಲಸ, ಬೇರೆ ಬೇರೆ ಬೊಕ್ಕಸ

ಕರಾವಳಿಯಲ್ಲಿ ಪುತ್ತಿಗೆ ಎಂಬ ಹೆಸರಿನ ಎರಡು ಗ್ರಾಮ ಪಂಚಾಯಿತಿಗಳಿವೆ. ಒಂದು ಮೂಡುಬಿದಿರೆ ತಾಲ್ಲೂಕಿನದು, ಚೌಟ ಅರಸರು ಒಂದು ಕಾಲಕ್ಕೆ ರಾಜಧಾನಿ ಮಾಡಿಕೊಂಡಿದ್ದ ಊರು. ಇನ್ನೊಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಒಳಕ್ಕೆ ಹೋದರೆ ಸಿಗುತ್ತದೆ. 1956ರ ನವೆಂಬರ್ 1ರವರೆಗೆ ಎರಡೂ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದವು. ಎರಡು ಕಡೆಯೂ ಗುಡ್ಡ, ತೋಟ, ಒಂದರಿಂದ ಒಂದು ದೂರವಿರುವ ಮನೆಗಳು. ತುಳು, ಕನ್ನಡ, ಬ್ಯಾರಿ ಮೂರರಲ್ಲೂ ನಾಲ್ಕು ಮಾತು ಬಾರದ ಆರೋಗ್ಯ ಸಹಾಯಕಿಗೆ ಈ ಮನೆಗಳಲ್ಲಿ ಗರ್ಭಿಣಿಯ ನಿಜವಾದ ತೊಂದರೆ ಏನೆಂದು ತಿಳಿಯುವುದು ಕಷ್ಟ. ಕೆಲಸವೂ ಎರಡು ಕಡೆ ಒಂದೇ: ಗರ್ಭಿಣಿಯರ ನೋಂದಣಿ, ರಕ್ತದೊತ್ತಡ, ಕಬ್ಬಿಣದ ಮಾತ್ರೆ, ಮಗುವಿನ ತೂಕ, ಲಸಿಕೆ, ಬಾಣಂತಿಯ ಮನೆಭೇಟಿ.

ಸಂಬಳ ಮಾತ್ರ ಬೇರೆ. ಗಡಿಯ ಆಚೆ ಇವರು ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್. ಕೇರಳ ಲೋಕಸೇವಾ ಆಯೋಗದ ಮೂಲಕ ಬಂದವರಿಗೆ 2019ರ ವೇತನ ಪರಿಷ್ಕರಣೆಯಂತೆ 31,100ರಿಂದ 66,800 ರೂಪಾಯಿಯ ಶ್ರೇಣಿ. ಈಚೆ ಇವರು ಎಎನ್‌ಎಂ, ಕಡತದ ಭಾಷೆಯಲ್ಲಿ ಬಹುಕಾಲ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ. ಜನರ ಬಾಯಲ್ಲಿ ಸಿಸ್ಟರ್. ಈ ಸಿಸ್ಟರ್‌ಗೆ ಸಂಬಳ ಎಷ್ಟು ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ನೇಮಕವಾದದ್ದು ಯಾವ ವರ್ಷ, ಯಾವ ಯೋಜನೆಯಡಿ, ಯಾವ ಲೆಕ್ಕ ಶೀರ್ಷಿಕೆಯಿಂದ ಹಣ ಬರುತ್ತದೆ ಎಂದು ತಿರುಗಿ ಕೇಳಬೇಕಾಗುತ್ತದೆ. ಒಂದೇ ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ, ಒಂದೇ ಲಸಿಕಾ ದಿನದಂದು, ಒಂದೇ ಬಗೆಯ ಸಿರಿಂಜು ಹಿಡಿದ ಇಬ್ಬರ ನಡುವೆ ಎರಡು ಪಟ್ಟಿಗೂ ಮೀರಿದ ಅಂತರ ಇರಬಹುದು. ಈ ಅಂತರ ವಿದ್ಯೆಯಿಂದಲೂ ಬಂದದ್ದಲ್ಲ, ದುಡಿಮೆಯಿಂದಲೂ ಬಂದದ್ದಲ್ಲ. ಹಣ ಯಾವ ಬೊಕ್ಕಸದಿಂದ ಹೊರಡುತ್ತದೆ ಎಂಬುದರಿಂದ ಬಂದದ್ದು ಎಂಬುದು ನನ್ನ ವಾದ. ಅದು ಹೀಗಾದದ್ದು ಹೇಗೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ಹಳ್ಳಿಗಾಡಿನ ಆಸ್ಪತ್ರೆ, ಔಷಧಾಲಯಗಳ ಹೊಣೆ ಬಹುಮಟ್ಟಿಗೆ ಸ್ಥಳೀಯ ಮಂಡಳಿಗಳದಾಗಿತ್ತು. 1920ರ ಸ್ಥಳೀಯ ಮಂಡಳಿಗಳ ಕಾಯ್ದೆ ಜಿಲ್ಲಾ ಬೋರ್ಡುಗಳಿಗೆ ಆ ಅಧಿಕಾರವನ್ನೂ ಅದಕ್ಕೆ ಬೇಕಾದ ತೆರಿಗೆಯ ಪಾಲನ್ನೂ ಕೊಟ್ಟಿತ್ತು. ಬೋರ್ಡಿನ ಮಿಡ್‌ವೈಫ್ ಬೋರ್ಡಿನ ನೌಕರಳೇ. 1926ರಲ್ಲಿ ಮದ್ರಾಸ್ ದಾದಿಯರ ಮತ್ತು ಸೂಲಗಿತ್ತಿಯರ ಕಾಯ್ದೆ ಬಂದು ತರಬೇತಾದವರ ನೋಂದಣಿ ಶುರುವಾಯಿತು. ಆ ಸಂಬಳ ದೊಡ್ಡದೇನೂ ಆಗಿರಲಿಲ್ಲ. ಆದರೆ ಕೊಡುವವರು ಯಾರು, ಕೇಳಬೇಕಾದದ್ದು ಯಾರನ್ನು ಎಂಬುದು ಸ್ಪಷ್ಟವಿತ್ತು.

ಸ್ವಾತಂತ್ರ್ಯದ ನಂತರ 1946ರ ಭೋರ್ ಸಮಿತಿಯ ವರದಿಯನ್ನು ಮುಂದಿಟ್ಟುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹುಟ್ಟಿದವು. ಐವತ್ತರ ದಶಕದಲ್ಲಿ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್, ಅಂದರೆ ಎಎನ್‌ಎಂ, ಎಂಬ ಹೊಸ ವರ್ಗ ಬಂತು. ಪೂರ್ಣ ದಾದಿಗಿಂತ ಕಡಿಮೆ ಅವಧಿಯ ತರಬೇತಿ, ಹಳ್ಳಿಯಲ್ಲೇ ವಾಸ, ಮುಖ್ಯವಾಗಿ ಹೆರಿಗೆ ಕೆಲಸ. 1973ರ ಕರ್ತಾರ್ ಸಿಂಗ್ ಸಮಿತಿ ಈಕೆಯನ್ನು ವಿವಿಧೋದ್ದೇಶ ಕಾರ್ಯಕರ್ತೆಯನ್ನಾಗಿ ಮಾಡಿತು. ಮಲೇರಿಯಾ, ಲಸಿಕೆ, ಕುಟುಂಬ ಯೋಜನೆ ಎಲ್ಲವೂ ಒಬ್ಬಳದೇ. ಬಯಲುಸೀಮೆಯಲ್ಲಿ 5,000 ಜನರಿಗೆ, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬ ಲೆಕ್ಕ ಈಗಲೂ ಜಾರಿಯಲ್ಲಿದೆ. ಬೆಳ್ತಂಗಡಿಯ ಘಟ್ಟದ ಬುಡದಲ್ಲಿ, ಮಲೆಕುಡಿಯರ ಮನೆಗಳಿಗೆ ಮಳೆಗಾಲದಲ್ಲಿ ನಡೆದು ಹೋಗುವವರಿಗೆ ಆ ಮೂರು ಸಾವಿರ ಕೂಡ ಕಾಗದದ ಮೇಲಿನ ಕರುಣೆಯಷ್ಟೇ.

ಸಂಬಳದ ದೃಷ್ಟಿಯಿಂದ ಮುಖ್ಯ ತಿರುವು ಬೇರೆ. ಕುಟುಂಬ ಯೋಜನೆಯನ್ನು ಕೇಂದ್ರ ಸರ್ಕಾರ ತನ್ನ ರಾಷ್ಟ್ರೀಯ ಕಾರ್ಯಕ್ರಮವೆಂದು ಎತ್ತಿಕೊಂಡಾಗ ಉಪಕೇಂದ್ರದ ಎಎನ್‌ಎಂ ಸಂಬಳದ ಹೊಣೆಯೂ ಕಾಲಕ್ರಮದಲ್ಲಿ ಕೇಂದ್ರದ ಕುಟುಂಬ ಕಲ್ಯಾಣ ಅನುದಾನಕ್ಕೆ ಹೋಯಿತು. ಅದೇ ಉಪಕೇಂದ್ರದ ಪುರುಷ ಕಾರ್ಯಕರ್ತನ ಸಂಬಳ ರಾಜ್ಯದ್ದೇ ಆಗಿ ಉಳಿಯಿತು. ಒಂದೇ ಕಟ್ಟಡದ ಇಬ್ಬರಿಗೆ ಎರಡು ಬೊಕ್ಕಸ. ರಾಜ್ಯಗಳು ತಮ್ಮ ದುಡ್ಡು ಉಳಿಸಲು ಪುರುಷ ಹುದ್ದೆಗಳನ್ನು ಖಾಲಿ ಬಿಡುತ್ತ ಹೋದವು. ಆ ಕೆಲಸವೂ ಸದ್ದಿಲ್ಲದೆ ಸಿಸ್ಟರ್ ಮೇಲೆಯೇ ಬಿತ್ತು.

ಇನ್ನೊಂದು ಪರಿಣಾಮ ಇದಕ್ಕಿಂತ ಕಠಿಣ. ಹಣ ಕುಟುಂಬ ಯೋಜನೆಯದಾದ್ದರಿಂದ ದುಡಿಮೆಯ ಅಳತೆಯೂ ಕುಟುಂಬ ಯೋಜನೆಯದೇ ಆಯಿತು. ಎಷ್ಟು ಹೆರಿಗೆ ಸುಸೂತ್ರವಾಯಿತು ಎಂದು ಕೇಳುವವರಿಲ್ಲ, ಎಷ್ಟು ‘ಕೇಸು’ ತಂದೆ ಎಂಬುದೇ ಪ್ರಶ್ನೆ. 1975-77ರ ತುರ್ತುಪರಿಸ್ಥಿತಿಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರಿ ಮುಟ್ಟದ ನೌಕರರ ಸಂಬಳ ತಡೆದದ್ದು ದೇಶದ ಹಲವೆಡೆ ನಡೆಯಿತು. ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಶಾ ಆಯೋಗ ಅದನ್ನು ದಾಖಲಿಸಿದೆ. 1996ರಲ್ಲಿ ಗುರಿಪದ್ಧತಿಯನ್ನು ಅಧಿಕೃತವಾಗಿ ಕೈಬಿಡುವವರೆಗೆ ಈ ಭಯ ಒಂದಲ್ಲ ಒಂದು ರೂಪದಲ್ಲಿ ಉಳಿದೇ ಇತ್ತು. ಸಂಬಳ ಎಂಬುದು ದುಡಿದವಳ ಹಕ್ಕು ಎಂಬ ಭಾವನೆಗೆ ಆಗ ಬಿದ್ದ ಪೆಟ್ಟು ಇನ್ನೂ ಮಾಗಿಲ್ಲವೆಂದೇ ನನಗೆ ಅನಿಸುತ್ತದೆ.

ಕರ್ನಾಟಕದಲ್ಲಿ ಈ ನಡುವೆ ಒಂದು ದೊಡ್ಡ ಅವಕಾಶ ಬಂದಿತ್ತು. ಸಚಿವ ಅಬ್ದುಲ್ ನಜೀರ್ ಸಾಬ್ ಅವರ ಕಾಲದ 1983ರ ಕಾಯ್ದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತುಗಳು ಕೆಲಸ ಶುರುಮಾಡಿದಾಗ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಅವುಗಳ ಅಡಿಗೆ ಬಂದವು. ಸಂವಿಧಾನದ 73ನೇ ತಿದ್ದುಪಡಿ ಹನ್ನೊಂದನೇ ಅನುಸೂಚಿಯಲ್ಲಿ ಆರೋಗ್ಯ, ಕುಟುಂಬ ಕಲ್ಯಾಣ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿಯನ್ನು ಪಂಚಾಯಿತಿಯ ವಿಷಯಗಳೆಂದು ಬರೆಯಿತು. 1993ರ ಪಂಚಾಯತ್ ರಾಜ್ ಕಾಯ್ದೆಯೂ ಅದನ್ನೇ ಹೇಳುತ್ತದೆ. ಹೀಗಾಗಿ ಕಾಗದದಲ್ಲಿ ಪುತ್ತಿಗೆಯ ಸಿಸ್ಟರ್ ಸ್ಥಳೀಯ ಸರ್ಕಾರದ ನೌಕರಳು. ಸಂಬಳ ಜಿಲ್ಲಾ ವಲಯದ ಲೆಕ್ಕದಲ್ಲಿ, ಜಿಲ್ಲಾ ಪಂಚಾಯಿತಿಯ ಮೂಲಕ ಹರಿಯುತ್ತದೆ. ಆದರೆ ಹುದ್ದೆ ಮಂಜೂರು ಮಾಡುವುದು, ನೇಮಕ, ವೇತನ ಶ್ರೇಣಿ, ವರ್ಗಾವಣೆಯ ನಿಯಮ ಎಲ್ಲವೂ ಬೆಂಗಳೂರಿನದು. ಜಿಲ್ಲಾ ಪಂಚಾಯಿತಿ ನೀರು ಹಾಯುವ ಕಾಲುವೆ ಮಾತ್ರ, ಗೇಟಿನ ಕೀಲಿ ಅದರ ಕೈಯಲ್ಲಿಲ್ಲ. ಅನುದಾನ ಬಿಡುಗಡೆ ತಡವಾದರೆ ಸಿಸ್ಟರ್ ಕೇಳುವುದು ತಾಲ್ಲೂಕು ಆರೋಗ್ಯಾಧಿಕಾರಿಯನ್ನು, ಅವರು ಜಿಲ್ಲೆಯ ಕಡೆ ಕೈತೋರಿಸುತ್ತಾರೆ, ಜಿಲ್ಲೆ ರಾಜಧಾನಿಯ ಕಡೆ. 2021ರಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ ಮುಗಿದ ಮೇಲೆ ಚುನಾವಣೆ ನಡೆಯದೆ ವರ್ಷಗಳೇ ಉರುಳಿದವು. ಕೇಳಲು ಒಬ್ಬ ಸದಸ್ಯನೂ ಇಲ್ಲದಂತಾಯಿತು.

ಈಗಿನ ಸಂಬಳಕ್ಕೆ ಬರೋಣ. ಖಾಯಂ ಹುದ್ದೆಯಲ್ಲಿರುವವರ ಸ್ಥಿತಿ ಕೆಟ್ಟದ್ದೆಂದು ಹೇಳಲಾಗದು. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ರಾಜ್ಯ ನೌಕರರ ಕನಿಷ್ಠ ಮೂಲವೇತನ 17,000ದಿಂದ 27,000 ರೂಪಾಯಿಗೆ ಏರಿತು. ಎಎನ್‌ಎಂ ಅದಕ್ಕಿಂತ ಮೇಲಿನ ಶ್ರೇಣಿಯವರು. ತುಟ್ಟಿಭತ್ಯೆ, ವಾರ್ಷಿಕ ವೇತನ ಬಡ್ತಿ, ರಜೆ ಎಲ್ಲ ಇವೆ. ಆದರೆ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ, ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಪದ್ಧತಿ ಮಾತ್ರ. ಮನೆಬಾಡಿಗೆ ಭತ್ಯೆ ದೊಡ್ಡ ನಗರದಲ್ಲಿ ಶೇಕಡ 20, ಹಳ್ಳಿಯಲ್ಲಿ ಶೇಕಡ 7.5. ಉಪಕೇಂದ್ರದ ವಸತಿಗೃಹ ಸೋರುತ್ತದೆಂದು ಪೇಟೆಯಲ್ಲಿ ಬಾಡಿಗೆ ಮನೆ ಹಿಡಿದವರಿಗೂ ಹಳ್ಳಿಯ ದರವೇ. ಬಸ್ಸು ಹೋಗದ ಕಡೆಗೆ ರಿಕ್ಷಾ ಬಾಡಿಗೆ ಸ್ವಂತ ಕೈಯಿಂದ.

ಇವರ ನಿಜವಾದ ಕೊರತೆ ಮೇಲೇರುವ ಮೆಟ್ಟಿಲುಗಳದು. ಶುಶ್ರೂಷಾಧಿಕಾರಿ, ಅಂದರೆ ಹಿಂದಿನ ಸ್ಟಾಫ್ ನರ್ಸ್, ಆರನೇ ಆಯೋಗದ ಕಾಲದಲ್ಲಿ 33,450-62,600ರ ಶ್ರೇಣಿಯಲ್ಲಿದ್ದರು. ಎಎನ್‌ಎಂ ಅದಕ್ಕಿಂತ ಎಷ್ಟೋ ಕೆಳಗೆ. ಹಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಲು ಮತ್ತೆ ತರಬೇತಿ ಬೇಕು, ಹುದ್ದೆಗಳು ಕಡಿಮೆ. ಮೂವತ್ತು ವರ್ಷ ಒಂದೇ ಹುದ್ದೆಯಲ್ಲಿ ದುಡಿದು, ಕಾಲಮಿತಿ ಬಡ್ತಿಯ ಸಣ್ಣ ಏರಿಕೆಯಲ್ಲೇ ನಿವೃತ್ತರಾಗುವವರು ಬಹಳ.

ಇನ್ನೊಬ್ಬ ಸಿಸ್ಟರ್ ಕಥೆ ಬೇರೆಯೇ. 2005ರ ಏಪ್ರಿಲ್ 12ರಂದು ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಉಪಕೇಂದ್ರಗಳಿಗೆ ಎರಡನೇ ಎಎನ್‌ಎಂ ಕೊಡಬಹುದೆಂದಿತು, ಆದರೆ ಗುತ್ತಿಗೆಯ ಮೇಲೆ. ಸಹಿ ಮಾಡುವುದು ಜಿಲ್ಲಾ ಆರೋಗ್ಯ ಸೊಸೈಟಿ, ಹಣ ಕೇಂದ್ರ 60 ರಾಜ್ಯ 40ರ ಪಾಲು, ಅವಧಿ ಹನ್ನೊಂದು ತಿಂಗಳು ಅಥವಾ ಒಂದು ವರ್ಷ, ಪ್ರತಿ ಮಾರ್ಚ್ ಬಂದಾಗ ನವೀಕರಣದ ಚಿಂತೆ. ಮಾಸಿಕ ಸಂಬಳ ಬಹುಕಾಲ ಇಪ್ಪತ್ತು ಸಾವಿರದ ಗೆರೆಗಿಂತ ಎಷ್ಟೋ ಕೆಳಗೆ. ತುಟ್ಟಿಭತ್ಯೆ ಇಲ್ಲ, ಪಿಂಚಣಿ ಇಲ್ಲ. 2013ರಲ್ಲಿ ನಗರ ಆರೋಗ್ಯ ಅಭಿಯಾನ ಬಂದ ಮೇಲೆ ನಗರಗಳ ಆರೋಗ್ಯ ಕೇಂದ್ರಗಳಿಗೂ ಇದೇ ಪದ್ಧತಿ ಹಬ್ಬಿತು.

ಈ ಇಪ್ಪತ್ತು ಸಾವಿರದ ಗೆರೆಯನ್ನು ಬೇಕೆಂದೇ ಹೇಳಿದೆ. ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳದ ಬಗ್ಗೆ 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸಮಿತಿಯೊಂದನ್ನು ರಚಿಸಲು ಹೇಳಿತು. ಐವತ್ತು ಹಾಸಿಗೆಗೂ ಕಡಿಮೆ ಇರುವ ನರ್ಸಿಂಗ್ ಹೋಂ ಕೂಡ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, ಇನ್ನೂರಕ್ಕೂ ಹೆಚ್ಚು ಹಾಸಿಗೆಯವು ಸರ್ಕಾರಿ ದರಕ್ಕೆ ಸಮನಾಗಿ ಕೊಡಬೇಕು ಎಂದು ಸಮಿತಿ ಹೇಳಿತು. ಖಾಸಗಿಯವರು ಸರ್ಕಾರವನ್ನು ನೋಡಿ ಕಲಿಯಲಿ ಎಂಬುದು ಅದರ ಆಶಯ. ಆದರೆ ನೋಡಬೇಕಾದ ಸರ್ಕಾರವೇ ತನ್ನ ಗುತ್ತಿಗೆ ಸಿಸ್ಟರ್‌ಗೆ ಆ ಕನಿಷ್ಠವನ್ನೂ ಕೊಡುತ್ತಿರಲಿಲ್ಲ. ಮೂಡುಬಿದಿರೆ, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಂದ ಪ್ರತಿ ವರ್ಷ ಹೊರಬರುವ ಹುಡುಗಿಯರು ಕೊಲ್ಲಿ ದೇಶ, ಬೆಂಗಳೂರು, ಬ್ರಿಟನ್ ಎಂದು ಲೆಕ್ಕ ಹಾಕುವಾಗ ಪಕ್ಕದ ಉಪಕೇಂದ್ರ ಅವರ ಲೆಕ್ಕಕ್ಕೇ ಬಾರದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

2023ರ ಆರಂಭದ ಎರಡು ಮುಷ್ಕರಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಫೆಬ್ರವರಿಯಲ್ಲಿ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಖಾಯಂ ಮಾಡಬೇಕೆಂದು ಬೆಂಗಳೂರಿನಲ್ಲಿ ಧರಣಿ ಕೂತರು. ವಾರಗಟ್ಟಲೆ ಕೂತ ಮೇಲೆ ಸಿಕ್ಕಿದ್ದು ಶೇಕಡ 15ರ ಹೆಚ್ಚಳ, ಖಾಯಮಾತಿಯ ಮಾತು ಹಾಗೇ ಉಳಿಯಿತು. ಅದೇ ಹೊತ್ತಿನಲ್ಲಿ ಮಾರ್ಚ್ 1ರಂದು ಖಾಯಂ ನೌಕರರು ಮುಷ್ಕರ ಹೂಡಿದರು. ಅಂದೇ ಶೇಕಡ 17ರ ಮಧ್ಯಂತರ ಪರಿಹಾರ ಘೋಷಣೆಯಾಗಿ ಮುಷ್ಕರ ಮುಗಿಯಿತು. ಖಾಯಂ ನೌಕರರಿಗೆ ಸಿಕ್ಕಿದ್ದು ನ್ಯಾಯವೇ. ಆದರೆ ಲಸಿಕೆಯ ಪೆಟ್ಟಿಗೆ ಹೊತ್ತು ನಡೆಯುವವಳ ದನಿಗೆ ಎಷ್ಟು ತೂಕ ಎಂಬುದು ಆ ತಿಂಗಳಲ್ಲಿ ಎಲ್ಲರಿಗೂ ಕಂಡಿತು.

ಈ ಇಬ್ಬರ ಕೆಳಗೆ ಮೂರನೆಯವರು ಆಶಾ ಕಾರ್ಯಕರ್ತೆಯರು. ಅವರು ಎಎನ್‌ಎಂ ಅಲ್ಲ, ಸೂಲಗಿತ್ತಿಯೂ ಅಲ್ಲ, ಸರ್ಕಾರದ ಪ್ರಕಾರ ನೌಕರರೂ ಅಲ್ಲ. 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಕೂತ ಮೇಲೆ ತಿಂಗಳಿಗೆ 10,000 ರೂಪಾಯಿಯ ಭರವಸೆ ಪಡೆದರು. ಉಪಕೇಂದ್ರದ ಕೆಲಸ ನಡೆಯುವುದು ಇವರಿಂದಲೂ ಹೌದಾದ್ದರಿಂದ ಸಿಸ್ಟರ್ ಸಂಬಳದ ಚರ್ಚೆಯಲ್ಲಿ ಇವರನ್ನು ಬಿಡುವಂತಿಲ್ಲ. 2018ರ ನಂತರ ಆರೋಗ್ಯ ಮತ್ತು ಕ್ಷೇಮ ಕೇಂದ್ರವೆಂದು ಹೆಸರಾದ ಉಪಕೇಂದ್ರಗಳಿಗೆ ಬಿಎಸ್ಸಿ ನರ್ಸಿಂಗ್ ಓದಿದ ಸಮುದಾಯ ಆರೋಗ್ಯಾಧಿಕಾರಿಗಳೂ ಬಂದರು, ಅವರೂ ಗುತ್ತಿಗೆಯವರೇ. ಹೀಗೆ ಒಂದು ಸಣ್ಣ ಕಟ್ಟಡದಲ್ಲಿ ನಾಲ್ಕು ಬಗೆಯ ಸಂಬಳ.

ಇದಕ್ಕೆ ಕೊಡುವ ಸಮರ್ಥನೆಗಳಲ್ಲಿ ಒಂದನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ‘ಈಗ ಎಎನ್‌ಎಂಗಳು ಹೆರಿಗೆ ಎಲ್ಲಿ ಮಾಡಿಸುತ್ತಾರೆ? ಎಲ್ಲರೂ ಆಸ್ಪತ್ರೆಗೇ ಹೋಗುತ್ತಾರಲ್ಲ’ ಎಂಬ ಮಾತು ಅದು. ನಿಜ, ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಶೇಕಡ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ. ದಕ್ಷಿಣ ಕನ್ನಡದಲ್ಲಿ ಮನೆ ಹೆರಿಗೆಯ ಸುದ್ದಿ ಕೇಳುವುದೇ ಅಪರೂಪ. ಆದರೆ ಆ 97 ತಾನಾಗಿ ಆಗಲಿಲ್ಲ. ಮೂರನೇ ತಿಂಗಳಲ್ಲೇ ಮನೆಗೆ ಹೋಗಿ ತಾಯಿ ಕಾರ್ಡ್ ಮಾಡಿಸಿದ್ದು, ಊದಿದ ಕಾಲು ನೋಡಿ ರಕ್ತದೊತ್ತಡ ಅಳೆದದ್ದು, ಹಿಮೋಗ್ಲೋಬಿನ್ ಏಳಕ್ಕೆ ಇಳಿದವಳನ್ನು ಮಂಗಳೂರಿನ ಲೇಡಿಗೋಶನ್ ಆಸ್ಪತ್ರೆಗೆ ಹೋಗಲು ಒಪ್ಪಿಸಿದ್ದು, ಅತ್ತೆ ಒಪ್ಪದಿದ್ದಾಗ ಮರುದಿನ ಮತ್ತೆ ಹೋದದ್ದು, ಎಲ್ಲವೂ ಸೂಲಗಿತ್ತಿಯ ಕೆಲಸವೇ. ಹೆರಿಗೆ ಎಂದರೆ ಕೊನೆಯ ಹತ್ತು ಗಂಟೆ ಮಾತ್ರ ಎಂದು ಎಣಿಸುವವರಿಗೆ ಉಳಿದ ಒಂಬತ್ತು ತಿಂಗಳು ಕಾಣುವುದಿಲ್ಲ. ಹೆರಿಗೆಯ ನಂತರದ ಆರು ವಾರವೂ ಕಾಣುವುದಿಲ್ಲ. ಬಾಣಂತಿಗೆ ಜ್ವರ ಬಂದರೆ ಮೊದಲು ಫೋನು ಹೋಗುವುದು ಸಿಸ್ಟರ್‌ಗೆ. ಜೊತೆಗೆ ಈಗ ಮೂವತ್ತು ದಾಟಿದವರ ಸಕ್ಕರೆ ಕಾಯಿಲೆ, ರಕ್ತದೊತ್ತಡದ ತಪಾಸಣೆ, ಟ್ಯಾಬ್‌ನಲ್ಲಿ ದಾಖಲೆ, ಅದೇ ಮಾಹಿತಿ ಮತ್ತೆ ರಿಜಿಸ್ಟರ್‌ನಲ್ಲಿ. ಕೆಲಸದ ರೂಪ ಬದಲಾಗಿದೆ, ಭಾರ ಕಡಿಮೆಯಾಗಿಲ್ಲ.

ಸಂಬಳದ ಮಾತಿಗೆ ಅಡ್ಡ ಬರುವ ಇನ್ನೊಂದು ಇದೆ, ಸೇವೆ ಎಂಬ ಭಾವನೆ. ಪಾವಗಡದ ಸೂಲಗಿತ್ತಿ ನರಸಮ್ಮ ಹಣ ಪಡೆಯದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷಾಂತ್ಯದಲ್ಲಿ ತೀರಿಕೊಂಡರು. ಆ ತಾಯಿಗೆ ಎಷ್ಟು ನಮಸ್ಕಾರ ಮಾಡಿದರೂ ಕಡಿಮೆಯೇ. ಆದರೆ ನರಸಮ್ಮನ ಔದಾರ್ಯವನ್ನು ಸರ್ಕಾರ ತನ್ನ ನೌಕರಳ ಸಂಬಳಕ್ಕೆ ಅಳತೆಗೋಲು ಮಾಡಿಕೊಳ್ಳಬಾರದು. ಆರೈಕೆ ಹೆಂಗಸರ ಸಹಜ ಗುಣ, ಅದಕ್ಕೆ ಬೆಲೆ ಕಟ್ಟುವುದು ಬೇಡ ಎಂಬ ಯೋಚನೆ ನಮ್ಮಲ್ಲಿ ಮಾತ್ರ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯಂತೆ ಆರೋಗ್ಯ ಕ್ಷೇತ್ರದಲ್ಲಿ ಹೆಂಗಸರು ಗಂಡಸರಿಗಿಂತ ಸುಮಾರು ಶೇಕಡ 24ರಷ್ಟು ಕಡಿಮೆ ಗಳಿಸುತ್ತಾರೆ.

ನ್ಯಾಯಾಲಯಗಳು ಏನೆಂದಿವೆ? 2006ರ ಉಮಾದೇವಿ ಪ್ರಕರಣ ಕರ್ನಾಟಕದ್ದೇ. ನಿಯಮದಂತೆ ನೇಮಕವಾಗದವರನ್ನು ಸುಮ್ಮನೆ ಖಾಯಂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಇಲಾಖೆಗಳು ಅದನ್ನು ಗುರಾಣಿ ಮಾಡಿಕೊಂಡವು. ಆದರೆ ಅದೇ ಕೋರ್ಟು 2016ರ ಜಗಜಿತ್ ಸಿಂಗ್ ಪ್ರಕರಣದಲ್ಲಿ ಖಾಯಂ ನೌಕರರ ಕೆಲಸವನ್ನೇ ಮಾಡುವ ತಾತ್ಕಾಲಿಕ ನೌಕರರಿಗೆ ಆ ಹುದ್ದೆಯ ಶ್ರೇಣಿಯ ಕನಿಷ್ಠ ವೇತನ ಕೊಡಬೇಕು ಎಂದಿತು. 2024ರ ಡಿಸೆಂಬರಿನ ಜಗ್ಗೋ ಪ್ರಕರಣದಲ್ಲಿ, ದಶಕಗಟ್ಟಲೆ ದುಡಿಸಿಕೊಂಡು ತಾತ್ಕಾಲಿಕ ಎಂಬ ಹಣೆಪಟ್ಟಿಯಲ್ಲಿ ಹಕ್ಕು ತಪ್ಪಿಸಲು ಉಮಾದೇವಿ ತೀರ್ಪನ್ನು ಬಳಸಬಾರದು ಎಂದೂ ಹೇಳಿತು. ಸ್ಥಳೀಯ ಸಂಸ್ಥೆಗಳ ಮಟ್ಟಿಗೆ 2000ದ ದೆಹಲಿ ಮಹಾನಗರ ಪಾಲಿಕೆ ಪ್ರಕರಣದ ತೀರ್ಪು ದೊಡ್ಡದು. ದಿನಗೂಲಿ ಹೆಂಗಸರಿಗೂ ಹೆರಿಗೆ ಸೌಲಭ್ಯ ಉಂಟು ಎಂದು ಅದು ಸ್ಪಷ್ಟಪಡಿಸಿತು. ಊರಿನ ಬಸುರಿಯರನ್ನು ನೋಡಿಕೊಳ್ಳುವವಳಿಗೆ ಆ ತೀರ್ಪು ಎಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಕೇರಳದಂತೆ ಮಾಡಿದರೆ ಸಾಕೇ? ಪೂರ್ತಿ ಅಲ್ಲ. ಅಲ್ಲಿ ತೊಂಬತ್ತರ ದಶಕದ ನಡುವಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಗ್ರಾಮ ಪಂಚಾಯಿತಿಗೇ ಬಂತು, 1996ರ ಜನತಾ ಯೋಜನೆ ಹಣವನ್ನೂ ಕೊಟ್ಟಿತು. ಖಾಯಂ ಹುದ್ದೆಯ ಸಂಬಳ ರಾಜ್ಯದ್ದು, ದಿನನಿತ್ಯದ ಮೇಲ್ವಿಚಾರಣೆ ಪಂಚಾಯಿತಿಯದು. ಇದು ನಮ್ಮಲ್ಲಿಗಿಂತ ಆರೋಗ್ಯಕರ. ಆದರೆ 2008ರ ಉಪಶಾಮಕ ಆರೈಕೆ ನೀತಿಯ ನಂತರ ಅದೇ ಪಂಚಾಯಿತಿಗಳು ಹಾಸಿಗೆ ಹಿಡಿದವರ ಮನೆಗೆ ಕಳಿಸಲು ಸಮುದಾಯ ದಾದಿಯರನ್ನು ತೆಗೆದುಕೊಂಡವು. ಎಎನ್‌ಎಂ ಕಲಿತವರೇ ಅದಕ್ಕೆ ಬರುತ್ತಾರೆ. ಪಂಚಾಯಿತಿಯೇ ಆರಿಸಿ, ಯೋಜನೆಯ ಹಣದಿಂದ ಸಂಬಳ ಕೊಡುವ ದಾದಿ ಎಂದರೆ ಇವರೇ, ಮತ್ತು ಇವರೂ ಗುತ್ತಿಗೆಯವರೇ. 2025ರ ಫೆಬ್ರವರಿ 10ರಿಂದ ತಿರುವನಂತಪುರದ ಸೆಕ್ರೆಟರಿಯೇಟ್ ಮುಂದೆ ಆಶಾ ಕಾರ್ಯಕರ್ತೆಯರು ತಿಂಗಳುಗಟ್ಟಲೆ ಧರಣಿ ಕೂತರು. ಬೊಕ್ಕಸ ಊರಿಗೆ ಹತ್ತಿರ ಬಂದ ಮಾತ್ರಕ್ಕೆ ಸಂಬಳ ನ್ಯಾಯವಾಗುವುದಿಲ್ಲ. ಹುದ್ದೆ ಮಂಜೂರಾಗಬೇಕು, ಶ್ರೇಣಿ ನಿಗದಿಯಾಗಬೇಕು. ಆಮೇಲೆ ಹಣ ಯಾವ ಕಾಲುವೆಯಿಂದ ಬಂದರೂ ಒಂದೇ.

ಹಣವಿಲ್ಲ ಎಂಬ ಮಾತನ್ನು ಇತರ ಉದಾಹರಣೆಗಳೇ ತಳ್ಳಿಹಾಕುತ್ತವೆ. ನಮ್ಮಷ್ಟು ಶ್ರೀಮಂತವಲ್ಲದ ಒಡಿಶಾ 2022ರ ಅಕ್ಟೋಬರಿನಲ್ಲಿ ಗುತ್ತಿಗೆ ನೇಮಕವನ್ನೇ ರದ್ದುಮಾಡಿ 57,000ಕ್ಕೂ ಹೆಚ್ಚು ಜನರನ್ನು ಖಾಯಂ ಮಾಡಿತು. ಬೆಂಗಳೂರಿನಲ್ಲೇ 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಪೌರಕಾರ್ಮಿಕರು, ಬಹುಪಾಲು ಹೆಂಗಸರು, ಖಾಯಂ ನೇಮಕದ ಆದೇಶ ಪಡೆದರು. ಸ್ಥಳೀಯ ಸಂಸ್ಥೆ ತನ್ನ ಅತಿ ಕೆಳಗಿನ ನೌಕರರನ್ನು ಹೀಗೆ ಒಳಗೆ ಕರೆದುಕೊಳ್ಳಲು ಸಾಧ್ಯವಾಗಿರುವಾಗ ಸಿಸ್ಟರ್‌ಗಳ ವಿಷಯದಲ್ಲಿ ಸಾಧ್ಯವಿಲ್ಲ ಎನ್ನುವುದು ಹೇಗೆ?

ಖಾಲಿ ಇರುವ ಹುದ್ದೆಗಳಿಗೆ ನೇಮಕ ಮಾಡುವಾಗ ಗುತ್ತಿಗೆಯಲ್ಲಿ ದುಡಿದ ಪ್ರತಿ ವರ್ಷಕ್ಕೂ ಅಂಕ ಕೊಡುವುದು ಸುಲಭ. ಅಲ್ಲಿಯವರೆಗೆ ಶ್ರೇಣಿಯ ಕನಿಷ್ಠ ವೇತನ ಕೊಡುವುದು 2016ರ ತೀರ್ಪಿನ ಪಾಲನೆಯಷ್ಟೇ. ಗ್ರಾಮ ಪಂಚಾಯಿತಿಗಾದರೂ ಒಂದು ಕೆಲಸ ಇಂದೇ ಆಗುತ್ತದೆ: ಉಪಕೇಂದ್ರದ ನಿರ್ಬಂಧರಹಿತ ಹಣದ ಜಂಟಿ ಖಾತೆಯಲ್ಲಿ ಸಿಸ್ಟರ್ ಜೊತೆ ಸಹಿ ಹಾಕುವ ಪಂಚಾಯಿತಿ, ಸಿಸ್ಟರ್ ಸಂಬಳ ಈ ತಿಂಗಳು ಬಂತೇ ಎಂದು ಗ್ರಾಮಸಭೆಯಲ್ಲಿ ಕೇಳಿ ನಡಾವಳಿಯಲ್ಲಿ ಬರೆಸಬಹುದು. ರಸ್ತೆ, ನೀರಿನ ಬಗ್ಗೆ ಬರೆಸುವಂತೆಯೇ.

ಇದನ್ನು ಈಗಲೇ ಮಾಡಬೇಕಾದ ಕಾರಣವೂ ಇದೆ. ಕೇಂದ್ರ ಸರ್ಕಾರ 2018ರಲ್ಲಿ ಸೂಲಗಿತ್ತಿ ಸೇವೆಗಳ ಹೊಸ ಮಾರ್ಗಸೂಚಿ ತಂದು, ಸಹಜ ಹೆರಿಗೆಯನ್ನು ಸ್ವತಂತ್ರವಾಗಿ ನಿಭಾಯಿಸುವ ದಾದಿಯರಿಗೆ 18 ತಿಂಗಳ ತರಬೇತಿ ಶುರುಮಾಡಿದೆ. 2023ರಲ್ಲಿ 1947ರ ನರ್ಸಿಂಗ್ ಕೌನ್ಸಿಲ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂತು. ಕತ್ತರಿ ಹಾಕದೆ ಆಗಬಹುದಾದ ಹೆರಿಗೆಗಳಿಗೂ ಸಿಸೇರಿಯನ್ ಮಾಡುವುದು ಹೆಚ್ಚುತ್ತಿರುವಾಗ ಈ ಹೊಸ ವರ್ಗ ನಮಗೆ ತುರ್ತಾಗಿ ಬೇಕು. ಈ ತರಬೇತಿ ಮುಗಿಸಿ ಬರುವವರಿಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಯಾವ ಹುದ್ದೆ, ಯಾವ ಶ್ರೇಣಿ, ಯಾವ ಬಡ್ತಿ ಎಂದು ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಮೊದಲೇ ಬರೆದಿಡಬೇಕು. ಬರೆಯದಿದ್ದರೆ ಅವರೂ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿ, ಮಾರ್ಚ್ ಬಂದಾಗ ಜಿಲ್ಲಾ ಆರೋಗ್ಯ ಕಚೇರಿಯ ಮುಂದೆ ನವೀಕರಣದ ಆದೇಶಕ್ಕೆ ಕಾಯಬೇಕಾಗುತ್ತದೆ.